ಪಿಯುಸಿ 54%, ಕ್ಲಾಟ್ ಮಾಕ್‌ನಲ್ಲಿ 90ರ ಆಸುಪಾಸು. ಲಾ ಸೀಟು ಸಿಗುತ್ತಾ?

ಶಾಂತಿಸಾಗರ_07

ಎಲ್ಲರಿಗೂ ನಮಸ್ಕಾರ. ಊರು ಚನ್ನಗಿರಿ ತಾಲ್ಲೂಕು. ಪಿಯುಸಿ ಓದಿದ್ದು ದಾವಣಗೆರೆಯಲ್ಲಿ, ಹಾಸ್ಟೆಲ್‌ನಲ್ಲಿದ್ದುಕೊಂಡು. ಸೈನ್ಸ್. ಯಾಕೆ ಸೈನ್ಸ್ ಅಂತ ಕೇಳಬೇಡಿ. ಎಸ್‌ಎಸ್‌ಎಲ್‌ಸಿಯಲ್ಲಿ 91% ಬಂದಿತ್ತು, ಅಷ್ಟೇ ಕಾರಣ.

ಸೆಕೆಂಡ್ ಪಿಯು ಅಂಕ ಹೀಗಿವೆ: ಕನ್ನಡ 88, ಇಂಗ್ಲಿಷ್ 79, ಫಿಸಿಕ್ಸ್ 38, ಕೆಮಿಸ್ಟ್ರಿ 41, ಗಣಿತ 36, ಬಯಾಲಜಿ 43. ಒಟ್ಟು 600ಕ್ಕೆ 325. ರಿಸಲ್ಟ್ ಬಂದ ದಿನ ಅಮ್ಮ ಯಾರ ಫೋನನ್ನೂ ಎತ್ತಲಿಲ್ಲ.

ಈ ವರ್ಷ ಡ್ರಾಪ್ ತಗೊಂಡು ಕ್ಲಾಟ್‌ಗೆ (ರಾಷ್ಟ್ರೀಯ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ) ಓದುತ್ತಿದ್ದೇನೆ. ಕೋಚಿಂಗ್ ಇಲ್ಲ, ಆನ್‌ಲೈನ್ ಮಾಕ್ (ಅಭ್ಯಾಸ ಪರೀಕ್ಷೆ) ಮಾತ್ರ. ಕೊನೆಯ ಎಂಟು ಮಾಕ್: 81, 94, 86, 92, 79, 88, 96, 85. ಎಲ್ಲ 120ಕ್ಕೆ.

ಅಪ್ಪಾಜಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಪ್ರಶ್ನೆ ಒಂದೇ: "54 ಪರ್ಸೆಂಟ್ ನೋಡಿದ ಮೇಲೂ ನಿನ್ನನ್ನ ಯಾರಾದರೂ ಸೇರಿಸಿಕೊಳ್ಳುತ್ತಾರಾ?" ನನಗೂ ಉತ್ತರ ಗೊತ್ತಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸಿಗುವ ಚಾನ್ಸ್ ಎಷ್ಟು? ದಯವಿಟ್ಟು ಸಮಾಧಾನ ಹೇಳಬೇಡಿ, ಇದ್ದದ್ದು ಹೇಳಿ.

ಖಾರಮಂಡಕ್ಕಿ

ಕನ್ನಡ 88, ಗಣಿತ 36. ತಂಗೀ, ನೀನು ಹುಟ್ಟಾ ಲಾಯರ್. ಮೊದಲೇ ಆರ್ಟ್ಸ್ ತಗೊಂಡಿದ್ದರೆ ನಿಮ್ಮಮ್ಮ ಆವತ್ತು ಎಲ್ಲರ ಫೋನೂ ಎತ್ತುತ್ತಿದ್ದರು.

ನಾಗರಭಾವಿ_4ನೇ_ವರ್ಷ

ನಾನು ನಾಗರಭಾವಿಯ ಆ ಲಾ ಸ್ಕೂಲಲ್ಲೇ ಓದುತ್ತಿದ್ದೇನೆ, ಮೂಲ ಹರಿಹರ. ನೇರವಾಗಿ ಹೇಳುತ್ತೇನೆ.

ಕ್ಲಾಟ್‌ನಲ್ಲಿ ಪಿಯುಸಿ ಅಂಕ ಬರೀ ಗೇಟು. ಜನರಲ್ ಮತ್ತು ಒಬಿಸಿಗೆ 45%, ಎಸ್‌ಸಿ, ಎಸ್‌ಟಿಗೆ 40%. ನಿಮ್ಮ ಲೆಕ್ಕದಲ್ಲಿ 600ಕ್ಕೆ 270 ಸಾಕು, 325 ಇದೆ. ಗೇಟು ದಾಟಿದಿರಿ. ಒಳಗೆ ಬಂದ ಮೇಲೆ 54 ಬಂದವರಿಗೂ 98 ಬಂದವರಿಗೂ ಒಂದೇ ಸಾಲು. ಆ ಸಾಲಲ್ಲಿ ನಿಲ್ಲಿಸುವುದು ಕ್ಲಾಟ್ ರ‍್ಯಾಂಕ್ ಮಾತ್ರ. ಇಂಟರ್‌ವ್ಯೂ ಇಲ್ಲ, ಪ್ರಬಂಧ ಇಲ್ಲ, ಯಾರ ಶಿಫಾರಸು ಪತ್ರವೂ ಬೇಡ. ನನ್ನ ಪಿಯುಸಿ ಮಾರ್ಕ್ಸ್ ಕಾರ್ಡನ್ನು ಕಾಲೇಜಲ್ಲಿ ನೋಡಿದ್ದು ಒಬ್ಬರೇ, ಅಡ್ಮಿಷನ್ ದಿನ ದಾಖಲೆ ಪರಿಶೀಲಿಸಿದ ಗುಮಾಸ್ತರು. ಅವರೂ ಹೆಸರು ಸರಿ ಇದೆಯಾ ಅಂತ ನೋಡಿದರು, ಅಂಕ ನೋಡಲಿಲ್ಲ.

ಹಾಗಾಗಿ 54ರ ಬಗ್ಗೆ ಯೋಚನೆ ಬಿಡಿ. ಯೋಚನೆ ಮಾಡಬೇಕಾದ್ದು ಆ 79 ಮತ್ತು 96ರ ನಡುವಿನ ಅಂತರದ ಬಗ್ಗೆ.

ನ್ಯಾಷನಲ್ ಲಾ ಸ್ಕೂಲಿನ ಜನರಲ್ ಸೀಟು ದೇಶಮಟ್ಟದಲ್ಲಿ ಹೆಚ್ಚುಕಮ್ಮಿ ಮೊದಲ ನೂರು, ನೂರೈವತ್ತು ರ‍್ಯಾಂಕಿನೊಳಗೆ ಮುಗಿಯುತ್ತದೆ. ಬರೆಯುವವರು ಐವತ್ತು ಸಾವಿರಕ್ಕೂ ಜಾಸ್ತಿ. 96 ಬಂದ ದಿನದ ನೀವು ಆ ಗುಂಪಿನ ಹತ್ತಿರ ಇದ್ದೀರಿ. 79 ಬಂದ ದಿನದ ನೀವು ಇಲ್ಲ.

ಪಿಬಿ_ರೋಡ್_ಅಂಕಲ್

ಮೇಲಿನವರು ಹೇಳಿದ್ದು ನಿಜ. ಆದರೆ ಈ ಸತ್ಯ ನನಗೆ ತಿಳಿಯುವ ಹೊತ್ತಿಗೆ ನಲವತ್ತು ಸಾವಿರ ಹೋಗಿತ್ತು.

ನನ್ನ ಮಗನಿಗೆ ಪಿಯುಸಿಯಲ್ಲಿ 58%. ಕೋಚಿಂಗ್ ನಡೆಸುವವರೊಬ್ಬರು ನನ್ನನ್ನು ಕೂರಿಸಿಕೊಂಡು, ಕಾಫಿ ಕೊಟ್ಟು, "ಸರ್, ಅಂಕ ಕಡಿಮೆ ಇದೆ, ಪ್ರೊಫೈಲ್ ಕಟ್ಟಬೇಕು" ಅಂದರು. ಚರ್ಚಾ ಸ್ಪರ್ಧೆ, ಸಮಾಜಸೇವೆ ಸರ್ಟಿಫಿಕೇಟ್, ಒಂದು ಬಣ್ಣದ ಫೈಲು. ನಾನೂ ಕಟ್ಟಿದೆ. ಆಮೇಲೆ ಕ್ಲಾಟ್ ಅರ್ಜಿ ತುಂಬುವಾಗ ನೋಡುತ್ತೇವೆ, ಆ ಸರ್ಟಿಫಿಕೇಟ್ ಹಾಕುವುದಕ್ಕೆ ಜಾಗವೇ ಇಲ್ಲ! ಆ ಫೈಲ್ ಈಗಲೂ ಮನೆಯಲ್ಲಿದೆ. ಕರೆಂಟ್ ಬಿಲ್ ಇಡುತ್ತೇವೆ.

ಮಗ ಒಂದು ಎನ್‌ಎಲ್‌ಯು (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ) ಸೇರಿದ್ದಾನೆ, ಬೆಂಗಳೂರಲ್ಲ, ಉತ್ತರದ ಕಡೆ. ಚಳಿಗೆ ಬೈಯುತ್ತಾನೆ, ಉಳಿದಂತೆ ಚೆನ್ನಾಗಿದ್ದಾನೆ.

ಕೋಟೆ_ಕಲ್ಲು

ನಾನು ಚಿತ್ರದುರ್ಗದಲ್ಲಿ ವಕೀಲಿಕೆ ಮಾಡುತ್ತೇನೆ, ಹದಿನಾಲ್ಕು ವರ್ಷವಾಯಿತು. ಇಲ್ಲಿ ಯಾರೂ ಹೇಳದ ಒಂದು ತಮಾಷೆ ಇದೆ.

ಈ ಮಗುವಿಗೆ 54% ಅಡ್ಡಿ ಆಗುವುದು ದೊಡ್ಡ ಕಾಲೇಜಲ್ಲಿ ಅಲ್ಲ, ಮನೆ ಹತ್ತಿರದ ಕಾಲೇಜಲ್ಲಿ. ನಮ್ಮ ರಾಜ್ಯ ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯಲ್ಲಿದೆ, 2009ರಲ್ಲಿ ಶುರುವಾದದ್ದು. ಅದರ ಕೆಳಗಿನ ಕಾಲೇಜುಗಳಲ್ಲಿ ಐದು ವರ್ಷದ ಕೋರ್ಸಿಗೆ ಪ್ರವೇಶ ಪರೀಕ್ಷೆ ಇಲ್ಲ, ಪಿಯುಸಿ ಅಂಕವೇ ಮಾನದಂಡ. ಪೈಪೋಟಿ ಇರುವ ಕಡೆ 54%ನವರು ಪಟ್ಟಿಯ ಕೆಳಗೆ ಕೂರಬೇಕು. ಅಲ್ಲಿ ಕ್ಲಾಟ್‌ನಲ್ಲಿ 96 ಬಂದಿದೆ ಅಂದರೆ "ಬಹಳ ಸಂತೋಷ" ಅನ್ನುತ್ತಾರೆ, ಅಷ್ಟೇ.

ಒಂದೇ ಮಾರ್ಕ್ಸ್ ಕಾರ್ಡು. ಒಂದು ಕಡೆ ಗೇಟ್‌ಪಾಸು, ಇನ್ನೊಂದು ಕಡೆ ತಕ್ಕಡಿ. ಹಾಗಾಗಿ "ನನಗೆ ಚಾನ್ಸ್ ಎಷ್ಟು" ಅಂತ ಕೇಳುವ ಮೊದಲು "ಇವರು ಏನನ್ನ ತೂಗುತ್ತಾರೆ" ಅಂತ ಕೇಳಬೇಕು.

ಶಾಂತಿಸಾಗರ_07

@ಕೋಟೆ_ಕಲ್ಲು ಸರ್, ಈ ಮಾತನ್ನ ಅಪ್ಪಾಜಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಂದರೆ ಮಂಡಿ ಥರ. ತೋಟದಲ್ಲಿ ಗೊನೆ ಹೆಂಗಿತ್ತು ಅಂತ ಇಲ್ಲಿ ಯಾರೂ ಕೇಳಲ್ಲ. ಚೀಲ ಬಿಚ್ಚಿ ಕೈಗೆ ತಗೊಂಡು ರಾಶಿಯೋ ಬೆಟ್ಟೆಯೋ ಗೊರಬಲೋ ಅಂತ ನೋಡುತ್ತಾರೆ" ಅಂದರು. ಈ ವಿಷಯದಲ್ಲಿ ಅವರು ಬೈಯದೆ ಆಡಿದ ಮೊದಲ ಮಾತು ಇದು.

ಹೊಳಲ್ಕೆರೆ_ಮೇಷ್ಟ್ರು

ನಿಮ್ಮ ತಂದೆ ಸರಿಯಾಗಿ ಹಿಡಿದಿದ್ದಾರೆ. ನಾನು ಅದೇ ಹೋಲಿಕೆಯನ್ನ ಇನ್ನೊಂದು ಕಡೆಗೆ ತಿರುಗಿಸುತ್ತೇನೆ. ಮನೆಯಲ್ಲಿ ತೂಗಿದ ತೂಕ ಮಂಡಿಯಲ್ಲಿ ನಿಲ್ಲುತ್ತದಾ?

ಎಂಟು ಮಾಕ್ ಅಂಕವನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ. 79, 81, 85, 86, 88, 92, 94, 96. ನಡುವಿನದು 87. "90ರ ಆಸುಪಾಸು" ಅಂತ ನೀವು ಬರೆದಿದ್ದೀರಿ. ಮನುಷ್ಯರು ಎಲ್ಲರೂ ಹಾಗೆಯೇ ಬರೆಯುವುದು, ಮೇಲಿನ ಅಂಕ ತಲೆಯಲ್ಲಿ ಉಳಿಯುತ್ತದೆ. ನಿಮ್ಮ ಅಂಕ 87 ಅಂತ ಇಟ್ಟುಕೊಂಡು ಮುಂದಿನ ಲೆಕ್ಕ ಮಾಡಿ.

ಈಗ ಕೆಲವು ಪ್ರಶ್ನೆ. ಮಾಕ್ ಬರೆಯುವುದು ಎಲ್ಲಿ? ಎಷ್ಟು ಹೊತ್ತಿಗೆ? ಪೇಪರಿನಲ್ಲೋ ಸ್ಕ್ರೀನ್ ಮೇಲೋ? ಮಧ್ಯ ಎದ್ದು ಹೋಗುತ್ತೀರಾ? ನಿಜವಾದ ಪರೀಕ್ಷೆ ಮಧ್ಯಾಹ್ನ 2ರಿಂದ 4. ಊಟ ಮಾಡಿ ಕಣ್ಣು ಎಳೆಯುವ ಹೊತ್ತು. ಪ್ರಶ್ನೆಪತ್ರಿಕೆ ಕಾಗದದ್ದು, ಉತ್ತರ ಓಎಂಆರ್ ಹಾಳೆಯಲ್ಲಿ, ಬಾಲ್‌ಪೆನ್ನಿನಲ್ಲಿ. ಒಮ್ಮೆ ತುಂಬಿದ ಗುಂಡಿಯನ್ನು ಅಳಿಸಲು ಆಗುವುದಿಲ್ಲ.

ಶಾಂತಿಸಾಗರ_07

ಮೇಷ್ಟ್ರೇ, ಸಿಕ್ಕಿಬಿದ್ದೆ. ಬೆಳಿಗ್ಗೆ 6ಕ್ಕೆ, ಲ್ಯಾಪ್‌ಟಾಪ್‌ನಲ್ಲಿ, ಮಹಡಿ ಮೇಲಿನ ರೂಮಿನಲ್ಲಿ. ಮಧ್ಯ ಅಮ್ಮ ಕಾಫಿ ತಂದುಕೊಡುತ್ತಾರೆ.

ಹೊಳಲ್ಕೆರೆ_ಮೇಷ್ಟ್ರು

ಭಾನುವಾರ ಮಧ್ಯಾಹ್ನ 2ಕ್ಕೆ ಒಂದು ಬರೆಯಿರಿ. ಹೊಸ ಮಾಕ್ ಪ್ರಿಂಟ್ ಹಾಕಿಸಿ. ಓಎಂಆರ್ ಹಾಳೆಯೂ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಕಾಫಿ ಬೇಡ. ಬರೆದು ಬಂದು ಇಲ್ಲಿ ಅಂಕ ಹಾಕಿ, ಆಮೇಲೆ ಚಾನ್ಸಿನ ಮಾತು.

ಹದಡಿ_ಕ್ರಾಸ್

ಮಧ್ಯ ಬಾಯಿ ಹಾಕುವುದಕ್ಕೆ ಕ್ಷಮಿಸಿ. ನನ್ನ ತಮ್ಮನಿಗೆ 43% ಬಂದಿದೆ, ಒಬಿಸಿ. ಅವನು ಕ್ಲಾಟ್ ಬರೆಯಬಹುದಾ?

ನಾಗರಭಾವಿ_4ನೇ_ವರ್ಷ

ಈ ಅಂಕದಲ್ಲಿ ಸೀಟು ಸಿಗುವುದಿಲ್ಲ. ಕ್ಲಾಟ್‌ನಲ್ಲಿ ಒಬಿಸಿಗೂ 45 ಬೇಕು. ಬಾರ್ ಕೌನ್ಸಿಲ್ ನಿಯಮದಲ್ಲಿ ಒಬಿಸಿಗೆ 42 ಇದೆ, ಹಾಗಾಗಿ ಪರೀಕ್ಷೆ ಇಲ್ಲದ ಕಾಲೇಜಿಗೆ ಸೇರಬಹುದು. ಆದರೆ 2024ರಿಂದ ನಮ್ಮ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆಯಲ್ಲ, ಅಂಕ ಹೆಚ್ಚಿಸಿಕೊಳ್ಳಲು ಪರೀಕ್ಷೆ-2 ಬರೆಯಲಿ. ಹನ್ನೆರಡು ಅಂಕದ ಪ್ರಶ್ನೆ. 43%ಗೆ 258, ಬೇಕಾದ್ದು 270.

ಹಿರಿಯೂರು_ಟು_ಹೂಸ್ಟನ್

ಈ ಚರ್ಚೆ ಓದಿ ನನ್ನ ಅಕ್ಕನ ಮಗಳು ನೆನಪಾದಳು. ಇಲ್ಲಿ ಅಮೆರಿಕದಲ್ಲಿ ಕಥೆಯೇ ಬೇರೆ, ಅಲ್ಲಿಯವರಿಗೆ ವಿಚಿತ್ರ ಅನ್ನಿಸಬಹುದು.

ಇಲ್ಲಿ ಲಾ ಓದಲು ಮೊದಲು ಒಂದು ಡಿಗ್ರಿ ಆಗಿರಬೇಕು. ಆಮೇಲೆ ಎಲ್‌ಸ್ಯಾಟ್ ಅಂತ ಪ್ರವೇಶ ಪರೀಕ್ಷೆ, 120ರಿಂದ 180ರ ಅಳತೆ. ಡಿಗ್ರಿಯ ಜಿಪಿಎ (ಸರಾಸರಿ ಗ್ರೇಡ್ ಅಂಕ) ಮತ್ತು ಎಲ್‌ಸ್ಯಾಟ್ ಎರಡನ್ನೂ ಇಟ್ಟು ನೋಡುತ್ತಾರೆ. ಜಿಪಿಎ ಕಡಿಮೆ, ಎಲ್‌ಸ್ಯಾಟ್ ಜಾಸ್ತಿ ಇರುವವರಿಗೆ ಇಲ್ಲಿ ಒಂದು ಹೆಸರೇ ಇದೆ, "ಸ್ಪ್ಲಿಟರ್". ಪ್ರತಿ ಕಾಲೇಜೂ ತಾನು ಸೇರಿಸಿಕೊಂಡವರ ಎಲ್‌ಸ್ಯಾಟ್ ಮತ್ತು ಜಿಪಿಎ ನಡುಮಟ್ಟವನ್ನು ಪ್ರಕಟಿಸಬೇಕು. ಎಲ್‌ಸ್ಯಾಟ್ ನಡುಮಟ್ಟ ಏರಿಸಬೇಕು ಅಂತಿರುವ ಕಾಲೇಜಿಗೆ ಇಂಥವರು ಬೇಕಾಗುತ್ತಾರೆ. ಅದೇ ಮಟ್ಟದ ಪಕ್ಕದ ಕಾಲೇಜು ಅದೇ ಹುಡುಗಿಗೆ ಬೇಡ ಅನ್ನುತ್ತದೆ. ಅದಕ್ಕೇ ಇಲ್ಲಿಯ ಮಕ್ಕಳು ಹತ್ತು ಹನ್ನೆರಡು ಕಡೆ ಅರ್ಜಿ ಹಾಕಿ ಕೂರುತ್ತಾರೆ.

ನಮ್ಮವರಿಗೆ ಇನ್ನೊಂದು ತಿರುವು. ನಮ್ಮ ಹುಡುಗಿಯ ಬಿಕಾಂ 56%, ಅದೂ ಕರ್ನಾಟಕದ್ದು. ಹೊರದೇಶದ ಡಿಗ್ರಿಯ ಅಂಕವನ್ನು ಇಲ್ಲಿ ಜಿಪಿಎಗೆ ಬದಲಿಸುವುದಿಲ್ಲ. ಸುಪೀರಿಯರ್, ಅಬೌವ್ ಆವರೇಜ್, ಆವರೇಜ್, ಬಿಲೋ ಆವರೇಜ್ ಅಂತ ನಾಲ್ಕರಲ್ಲಿ ಒಂದು ಹಣೆಪಟ್ಟಿ ಕೊಡುತ್ತಾರೆ. ನಮ್ಮಲ್ಲಿ 56% ಅಂದರೆ ಅಷ್ಟೇನೂ ಕೆಟ್ಟದ್ದಲ್ಲ ಅಂತ ಅವರಿಗೂ ಗೊತ್ತು. ಅವಳು ಐದು ಕಡೆ ಹಾಕಿದಳು, ಎರಡು ಕಡೆ ಸಿಕ್ಕಿತು. ಸಾಲದ ಮೊತ್ತ ಇಲ್ಲಿ ಬರೆಯುವುದಿಲ್ಲ, ಅಕ್ಕ ಓದುತ್ತಾಳೆ.

ಖಾರಮಂಡಕ್ಕಿ

ಹಣೆಪಟ್ಟಿ ನಮ್ಮ ಪಿಯು ಕಾಲೇಜಲ್ಲೂ ಕೊಡುತ್ತಿದ್ದರು. ಎ ಸೆಕ್ಷನ್, ಬಿ ಸೆಕ್ಷನ್, ಆಮೇಲೆ ನಾವು.

ಶಾಂತಿಸಾಗರ_07

ಭಾನುವಾರದ ಕಥೆ ಹೇಳುತ್ತೇನೆ. ಯಾರೂ ನಗಬೇಡಿ.

ಜೆರಾಕ್ಸ್ ಅಂಗಡಿಯಲ್ಲಿ ಮಾಕ್ ಪೇಪರ್ ಪ್ರಿಂಟ್ ಹಾಕಿಸಿದೆ. ಚನ್ನಗಿರಿ ಲೈಬ್ರರಿಯಲ್ಲಿ ಜಾಗ ಸಿಗಲಿಲ್ಲ, ಅಪ್ಪಾಜಿ ಮಂಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಭಾನುವಾರ ಮಂಡಿ ರಜೆ. ಚೀಲಗಳ ಮಧ್ಯ ಒಂದು ಮೇಜು. ಮಧ್ಯಾಹ್ನ 2ಕ್ಕೆ ಕೂತೆ. ಮನೆಯಲ್ಲಿ ಮುದ್ದೆ ತಿಂದು ಬಂದಿದ್ದೆ, ಅದು ಮೊದಲ ತಪ್ಪು.

ಸ್ಕ್ರೀನ್ ಮೇಲೆ ಉತ್ತರ ಒತ್ತುವುದಕ್ಕೆ ಸಮಯವೇ ಬೇಡ. ಗುಂಡಿ ತುಂಬುವುದಕ್ಕೆ ಬೇಕು. ನಾನು ಪೇಪರಿನ ಮೇಲೆ ಗುರುತು ಹಾಕಿಕೊಂಡು, ಕೊನೆಯಲ್ಲಿ ಒಟ್ಟಿಗೆ ತುಂಬೋಣ ಅಂತಿದ್ದೆ. 3:40ಕ್ಕೆ ಶುರು ಮಾಡಿದೆ. 47ನೇ ಪ್ರಶ್ನೆಯನ್ನು ಬಿಟ್ಟಿದ್ದೆ, ಅದು ಮರೆತು 48ರ ಉತ್ತರವನ್ನು 47ಕ್ಕೆ ತುಂಬಿದೆ. 53ಕ್ಕೆ ಬಂದಾಗ ಗೊತ್ತಾಯಿತು. ಆರು ಗುಂಡಿ ತಪ್ಪು, ಅಳಿಸಲು ಆಗುವುದಿಲ್ಲ. ಕೈ ಬೆವತು ಪೆನ್ನು ಜಾರುತ್ತಿತ್ತು. ಅಷ್ಟರಲ್ಲಿ 4 ಆಯಿತು. ಗಣಿತದ ಒಂಬತ್ತು ಪ್ರಶ್ನೆ ಓದೇ ಇರಲಿಲ್ಲ.

104 ಬರೆದೆ. 84 ಸರಿ, 20 ತಪ್ಪು. ತಪ್ಪಿಗೆ ಕಾಲು ಅಂಕದ ಹಾಗೆ 5 ಹೋಯಿತು. ಕೈಗೆ ಬಂದದ್ದು 79.

ಹೊಳಲ್ಕೆರೆ_ಮೇಷ್ಟ್ರು

ನಗುವುದೇನು ಬಂತು. ಡಿಸೆಂಬರ್‌ನ ನಿಜವಾದ ಪರೀಕ್ಷೆಯಲ್ಲಿ ಆಗಬೇಕಿದ್ದದ್ದು ಚೀಲಗಳ ಮಧ್ಯ ಆಗಿ ಹೋಯಿತು.

ಒಂದೊಂದು ಪ್ಯಾಸೇಜ್ ಮುಗಿದ ಕೂಡಲೇ ಅದರ ಗುಂಡಿ ತುಂಬಿ ಮುಂದೆ ಹೋಗಿ. ಪ್ಯಾಸೇಜ್ ಸುಮಾರು 450 ಪದದ್ದು, ಅದರ ಕೆಳಗೆ ನಾಲ್ಕೈದು ಪ್ರಶ್ನೆ. ತಪ್ಪಿದರೂ ಆ ನಾಲ್ಕೈದರಲ್ಲೇ ಸಿಕ್ಕುತ್ತದೆ. ಇದು ಬುದ್ಧಿವಂತಿಕೆಗೆ ಸಂಬಂಧಿಸಿದ್ದಲ್ಲ, ಬಟ್ಟೆ ಒಗೆದಂತೆ ಅಭ್ಯಾಸದ ವಿಷಯ.

ಇನ್ನೊಂದು. ಲೀಗಲ್ ರೀಸನಿಂಗ್ ಕೊನೆಗೆ ಉಳಿಸಬೇಡಿ. ಇಬ್ಬರಿಗೆ ಒಂದೇ ಅಂಕ ಬಂದರೆ ಮೊದಲು ನೋಡುವುದು ಆ ವಿಭಾಗದ ಅಂಕ. ಅದೂ ಸಮ ಆದರೆ ವಯಸ್ಸಿನಲ್ಲಿ ದೊಡ್ಡವರು ಮುಂದೆ. ಅದೂ ಸಮ ಆದರೆ ಕಂಪ್ಯೂಟರ್ ಲಾಟರಿ. ಕಾಲು ಅಂಕದೊಳಗೆ ನೂರಾರು ಮಂದಿ ಇರುವ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ. ನಿಮ್ಮ 36ರ ಗಣಿತಕ್ಕೆ ಹೆದರಬೇಡಿ. ಅದರಲ್ಲಿ 10ರಿಂದ 14 ಪ್ರಶ್ನೆ ಮಾತ್ರ, ಶೇಕಡಾವಾರು, ಅನುಪಾತ, ಕೋಷ್ಟಕ ಓದುವುದು. ಇಂಟಿಗ್ರೇಷನ್ ಅಲ್ಲ.

ಶಾಂತಿಸಾಗರ_07

ಹಳೆಯ ಕಟ್‌ಆಫ್ ನೋಡಿ 79 ಎಲ್ಲಿ ನಿಲ್ಲುತ್ತದೆ ಅಂತ ಲೆಕ್ಕ ಹಾಕೋಣ ಅಂತಿದ್ದೆ. ಒಂದು ಕಡೆ 2022ರ ಅಂಕ ಹಾಕಿದ್ದಾರೆ, ನೋಡಿದರೆ ತಲೆ ತಿರುಗುತ್ತದೆ. ಎಲ್ಲರೂ 110, 115.

ನಾಗರಭಾವಿ_4ನೇ_ವರ್ಷ

ಆ ಅಂಕ ಮುಚ್ಚಿಡಿ. ಆಗ ಪತ್ರಿಕೆ 150 ಪ್ರಶ್ನೆಯದು. 2024ರ ಕ್ಲಾಟ್‌ನಿಂದ 120 ಆಯಿತು. 150ರ ಅಂಕವನ್ನು 120ರ ಅಂಕದ ಪಕ್ಕ ಇಡುವುದು ಸೇರನ್ನೂ ಕೇಜಿಯನ್ನೂ ಒಟ್ಟಿಗೆ ಕೂಡಿಸಿದ ಹಾಗೆ.

120ರ ವರ್ಷಗಳಲ್ಲೂ ಅಂಕ ನಂಬಬೇಡಿ. ಪತ್ರಿಕೆ ಸುಲಭ ಇದ್ದ ವರ್ಷ 90 ಬಂದರೂ ಹಿಂದೆ, ಕಷ್ಟ ಇದ್ದ ವರ್ಷ 85ಕ್ಕೇ ಮುಂದೆ. ನೋಡಬೇಕಾದ್ದು ಕೊನೆಯ ಸುತ್ತಿನ ಸೀಟು ಹಂಚಿಕೆ ಪಟ್ಟಿಯಲ್ಲಿ ಯಾವ ಕಾಲೇಜು ಯಾವ ರ‍್ಯಾಂಕಿಗೆ ನಿಂತಿತು ಅನ್ನುವುದು. ಪಟ್ಟಿ ಕ್ಲಾಟ್ ನಡೆಸುವ ಒಕ್ಕೂಟದ ವೆಬ್‌ಸೈಟಿನಲ್ಲಿ ಬರುತ್ತದೆ. ಕೋಚಿಂಗ್‌ನವರ ಬಣ್ಣದ ಚಾರ್ಟ್ ಬೇಡ. ಮಾಕ್ ಬರೆದಾಗಲೂ ಅಂಕದ ಪಕ್ಕದಲ್ಲಿರುವ ರ‍್ಯಾಂಕ್ ನೋಡಿ. ಅದೂ ಪೂರ್ತಿ ನಿಜ ಅಲ್ಲ, ಗಂಭೀರವಾಗಿ ಓದುವವರು ಎಲ್ಲರೂ ಒಂದೇ ಕಡೆ ಮಾಕ್ ಬರೆಯುವುದಿಲ್ಲ. ಆದರೂ ಬರೀ ಅಂಕಕ್ಕಿಂತ ವಾಸಿ.

ಈಗ ನಿಮಗೆ ಮುಖ್ಯವಾದದ್ದು. 1ನೇ ಕ್ಲಾಸಿನಿಂದ ಪಿಯುಸಿವರೆಗೆ ಎಲ್ಲಿ ಓದಿದ್ದು?

ಶಾಂತಿಸಾಗರ_07

ಎಲ್ಲಾ ಇಲ್ಲೇ. 7ರವರೆಗೆ ನಮ್ಮೂರ ಸರ್ಕಾರಿ ಶಾಲೆ, ಹೈಸ್ಕೂಲ್ ಚನ್ನಗಿರಿ, ಪಿಯು ದಾವಣಗೆರೆ.

ನಾಗರಭಾವಿ_4ನೇ_ವರ್ಷ

ಹಾಗಾದರೆ ಇದನ್ನ ಮೊದಲೇ ಕೇಳಬೇಕಿತ್ತು. ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜಿನಲ್ಲಿ 10 ವರ್ಷ ಓದಿದವರಿಗೆ ನಮ್ಮ ಕಾಲೇಜಲ್ಲಿ 25% ಸಮತಲ ಮೀಸಲಾತಿ ಇದೆ. ನಿಮಗೆ 12 ವರ್ಷ ಆಗಿದೆ.

ಇದರ ಹಿಂದೆ ಜಗಳ ಇದೆ. 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಿದ್ದಿ 25% ತಂದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2021ರಲ್ಲಿ ಕಾಲೇಜು ತಾನೇ ತನ್ನ ಯೋಜನೆಯಲ್ಲಿ ಇದನ್ನು ಸೇರಿಸಿಕೊಂಡಿತು.

ತಪ್ಪು ತಿಳಿಯುವುದು ಎಲ್ಲಿ ಅಂದರೆ, ಇದು ಪಕ್ಕಕ್ಕೆ ತೆಗೆದಿಟ್ಟ ಪ್ರತ್ಯೇಕ ರಾಶಿ ಅಲ್ಲ. ಜನರಲ್ ಸೀಟು 100 ಇದೆ ಅಂದುಕೊಳ್ಳಿ, ಬರೀ ಉದಾಹರಣೆಗೆ. ಅದರಲ್ಲಿ 25 ಜನ ಕರ್ನಾಟಕದಲ್ಲಿ ಓದಿದವರಿರಬೇಕು. ನೇರ ರ‍್ಯಾಂಕಿನಿಂದಲೇ 18 ಜನ ಬಂದರೆ ಇನ್ನು 7 ಸೀಟಿಗೆ ಮಾತ್ರ ಕೆಳಗೆ ಇಳಿಯುತ್ತಾರೆ. ನೇರವಾಗಿಯೇ 25 ಬಂದರೆ ಒಂದು ಹೆಜ್ಜೆಯೂ ಇಳಿಯುವುದಿಲ್ಲ. ಆದರೂ ಕರ್ನಾಟಕದ ಸಾಲು ಅಖಿಲ ಭಾರತದ ಸಾಲಿಗಿಂತ ಕೆಳಗಿನ ರ‍್ಯಾಂಕಿನವರೆಗೆ ಹೋಗುತ್ತದೆ. ನಿಮ್ಮ ಚಾನ್ಸ್ ಲೆಕ್ಕ ಹಾಕಬೇಕಾದ್ದು ಈ ಸಾಲಲ್ಲಿ.

79ಕ್ಕೆ ನಾನು ಹೌದು ಅನ್ನುವುದಿಲ್ಲ. ಅದೇ ಕೋಣೆಯಲ್ಲಿ ಅದೇ ಹೊತ್ತಿನಲ್ಲಿ 87, 88 ನಿಂತರೆ ನಾಗರಭಾವಿಗೆ ಪೈಪೋಟಿ ಕೊಡುತ್ತೀರಿ. ನಡುವೆ ಎಲ್ಲಿ ನಿಂತರೂ ಬೇರೆ ಒಳ್ಳೆಯ ಎನ್‌ಎಲ್‌ಯು ಕೈಯಲ್ಲಿರುತ್ತದೆ.

ಪಿಬಿ_ರೋಡ್_ಅಂಕಲ್

ಅಪ್ಪನಾಗಿ ನಾನು ದುಡ್ಡಿನ ಮಾತು ಆಡುತ್ತೇನೆ. ಪರೀಕ್ಷೆಯ ಅರ್ಜಿಯೇ ಜನರಲ್‌ಗೆ 4,000. ಕೌನ್ಸೆಲಿಂಗ್‌ಗೆ ಹೆಸರು ಹಾಕುವಾಗ ಈಚಿನ ವರ್ಷಗಳಲ್ಲಿ 30,000 ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ನಮಗೆ ಆವತ್ತು ಆ ದುಡ್ಡು ಹೊಂದಿಸಲು ಚೀಟಿ ಎತ್ತಬೇಕಾಯಿತು. ಸೀಟು ಬಂದ ಮೇಲೆ ಫ್ರೀಜ್, ಫ್ಲೋಟ್, ಎಕ್ಸಿಟ್ ಅಂತ ಮೂರು ಗುಂಡಿ. ಇದೇ ಸಾಕು ಅಂದರೆ ಫ್ರೀಜ್, ಇದನ್ನ ಹಿಡಿದುಕೊಂಡೇ ಮೇಲಿನದಕ್ಕೆ ಕಾಯುತ್ತೇನೆ ಅಂದರೆ ಫ್ಲೋಟ್. ನನ್ನ ಮಗ ಗಾಬರಿಯಲ್ಲಿ ಮೊದಲ ಸುತ್ತಿಗೇ ಫ್ರೀಜ್ ಒತ್ತಿದ. ಎರಡನೇ ಸುತ್ತಿನಲ್ಲಿ ಅವನಿಗಿಂತ ಹಿಂದಿನವರಿಗೆ ಇನ್ನೂ ಹತ್ತಿರದ ಕಾಲೇಜು ಸಿಕ್ಕಿತು. ಅದಕ್ಕೇ ಇವತ್ತು ಚಳಿ.

ಆಮೇಲೆ ವರ್ಷದ ಫೀಸು. ಹಾಸ್ಟೆಲ್ ಸೇರಿ ನಾಲ್ಕು ಲಕ್ಷದ ಆಸುಪಾಸು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಕೋಟೆ_ಕಲ್ಲು

ಇಲ್ಲಿಗೇ ಬರುತ್ತೇವೆ ಅಂತ ಗೊತ್ತಿತ್ತು. ಐದು ವರ್ಷಕ್ಕೆ ಇಪ್ಪತ್ತು ಲಕ್ಷ. ಮಂಡಿ ಗುಮಾಸ್ತರ ಮಗಳು. ನಾನು ಊರಿನ ಕಾಲೇಜಿನಲ್ಲಿ ಬಿಎ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದವನು. ಐದು ವರ್ಷದ ಫೀಸು ಅನ್ನುವ ಪದವೇ ಕೇಳಿರಲಿಲ್ಲ. ದುರ್ಗದ ಕೋರ್ಟಿನಲ್ಲಿ ಜಮೀನಿನ ಕೇಸು ನಡೆಸಲು ನಾಗರಭಾವಿ ಬೇಕಾ?

ನಾಗರಭಾವಿ_4ನೇ_ವರ್ಷ

ಸರ್, ಜಮೀನಿನ ಕೇಸಿಗೆ ಬೇಡ. ಅವಳು ಜಮೀನಿನ ಕೇಸೇ ನಡೆಸುತ್ತಾಳೆ ಅಂತ ಯಾರು ಹೇಳಿದರು? ಮತ್ತೆ, ಸಾಲ ಅಂದ ಕೂಡಲೇ ತೋಟ ಅಡ ಇಡಬೇಕು ಅನ್ನುವ ಕಾಲ ಇದಲ್ಲ. ಪಿಎಂ ವಿದ್ಯಾಲಕ್ಷ್ಮಿ ಅಂತ 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಯೋಜನೆ ಇದೆ. ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರದ ಕಾಲೇಜು ಶ್ರೇಯಾಂಕ) ಪಟ್ಟಿಯ ಮೇಲ್ಮಟ್ಟದ ಕಾಲೇಜಿಗೆ ಸೇರಿದರೆ ಅಡಮಾನ ಬೇಡ, ಜಾಮೀನುದಾರರು ಬೇಡ. ಮನೆಯ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ 3% ಬಡ್ಡಿ ರಿಯಾಯಿತಿಗೂ ಅರ್ಜಿ ಹಾಕಬಹುದು. ನಮ್ಮ ಕಾಲೇಜು ಆ ಪಟ್ಟಿಯ ಕಾನೂನು ವಿಭಾಗದಲ್ಲಿ 2018ರಿಂದ ಮೊದಲನೆಯದು. ಕಾಲೇಜಿನದೇ ಆರ್ಥಿಕ ನೆರವೂ ಇದೆ. ನನ್ನ ಬ್ಯಾಚಲ್ಲಿ ಅದರಲ್ಲೇ ಓದುತ್ತಿರುವವರಿದ್ದಾರೆ.

ಕೋಟೆ_ಕಲ್ಲು

ಸರಿ, ಸಾಲದ ಮಾತು ಹಿಂದಕ್ಕೆ ತಗೊಂಡೆ. ಇನ್ನೊಂದನ್ನ ತಗೊಳ್ಳುವುದಿಲ್ಲ. ಕಾಲೇಜು ಯಾವುದಾದರೂ ಸನ್ನದು ಒಂದೇ. ಎಲ್ಲರೂ ಬಾರ್ ಪರೀಕ್ಷೆ ಬರೆಯಬೇಕು. ಎನ್‌ರೋಲ್ ಆಗಲು ಜನರಲ್‌ಗೆ 750 ರೂಪಾಯಿಗಿಂತ ಜಾಸ್ತಿ ಕೇಳಬಾರದು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಕಾಲದಲ್ಲಿ ಕೊಟ್ಟ ದುಡ್ಡು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮಗೂ, ಜಡ್ಜ್ ಆಗುವ ಆಸೆ ಇದೆಯಾ? ಕೇಳಿದ್ದು ಯಾಕೆಂದರೆ ನಿನ್ನ ಕನ್ನಡ 88 ಯಾರ ಕಣ್ಣಿಗೂ ಬೀಳಲಿಲ್ಲ. ನಮ್ಮ ರಾಜ್ಯದ ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರದ ಪತ್ರಿಕೆಯೇ ಇದೆ, ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. ದೊಡ್ಡ ಕಾಲೇಜಿನಿಂದ ಬಂದವರು ಅಲ್ಲಿ ಮುಗ್ಗರಿಸುವುದನ್ನು ಕಂಡಿದ್ದೇನೆ. ಆದರೆ ಈಗ ಓದು ಮುಗಿದ ಕೂಡಲೇ ಬರೆಯಲು ಆಗುವುದಿಲ್ಲ. 2025ರ ಮೇ ತಿಂಗಳ ತೀರ್ಪಿನಿಂದ ಮೂರು ವರ್ಷ ವಕೀಲಿಕೆ ಮತ್ತೆ ಕಡ್ಡಾಯ.

ಖಾರಮಂಡಕ್ಕಿ

ಸೀಟು ಸಿಗುತ್ತಾ ಅಂತ ಕೇಳಿದ ಹುಡುಗಿಯನ್ನ ನೀವು ಜಡ್ಜ್ ಮಾಡಿ ಕೂರಿಸಿಬಿಟ್ಟಿರಿ.

ಶಾಂತಿಸಾಗರ_07

ಜಡ್ಜ್ ಬಗ್ಗೆ ಯೋಚಿಸಿಲ್ಲ ಸರ್. ಆದರೆ 88ನ್ನ ಯಾರೋ ನೋಡಿದರಲ್ಲ, ಖುಷಿಯಾಯಿತು.

ಸಿಗದೇ ಹೋದರೆ ಏನು ಅಂತ ಅಪ್ಪಾಜಿ ನಿನ್ನೆ ಕೇಳಿದರು. ಇನ್ನೊಂದು ವರ್ಷ ಡ್ರಾಪ್ ತಗೊಳ್ಳಲು ನನಗೇ ಧೈರ್ಯ ಇಲ್ಲ.

ನಾಗರಭಾವಿ_4ನೇ_ವರ್ಷ

ತಗೋಬೇಡಿ. ಆಯ್ಕೆ ತುಂಬುವಾಗ ನಾಲ್ಕೈದು ಕಾಲೇಜಿಗೆ ನಿಲ್ಲಿಸದೆ, ಹೋಗಲು ಒಪ್ಪುವ ಎಲ್ಲವನ್ನೂ ತುಂಬಿ. ಎನ್‌ಎಲ್‌ಯುಗಳು ಇಪ್ಪತ್ತಕ್ಕೂ ಜಾಸ್ತಿ ಇವೆ. ದೆಹಲಿಯದು ಕ್ಲಾಟ್‌ನಲ್ಲಿ ಇಲ್ಲ, ಅದಕ್ಕೆ ಐಲೆಟ್ ಅಂತ ಬೇರೆ ಪರೀಕ್ಷೆ. ಓದು ಹೆಚ್ಚುಕಮ್ಮಿ ಅದೇ, ಅದನ್ನೂ ಬರೆಯಿರಿ. ಏನೂ ಆಗದಿದ್ದರೆ ದಾವಣಗೆರೆಯಲ್ಲೇ ಬಿಎ ಮಾಡಿ. ನಮ್ಮ ಕಾಲೇಜಿನಲ್ಲಿ ಈಗ ಮೂರು ವರ್ಷದ ಎಲ್‌ಎಲ್‌ಬಿಯೂ ಇದೆ, ಅದಕ್ಕೆ ಎನ್‌ಎಲ್‌ಸ್ಯಾಟ್ ಅಂತ ಪರೀಕ್ಷೆ. ಅಲ್ಲೂ ಡಿಗ್ರಿಯ 45% ಬರೀ ಗೇಟು. ಅದರಲ್ಲಿ ಬರೆಯುವ ಭಾಗ ಇದೆ, ನಿಮ್ಮ ಥರ ಬರೆಯುವವರಿಗೆ ಅದು ಲಾಭ.

ಶಾಂತಿಸಾಗರ_07

ಎರಡು ವಾರದ ನಂತರ. ಅದೇ ಕೋಣೆ, ಅದೇ ಮಧ್ಯಾಹ್ನ 2 ಗಂಟೆ. ಈ ಸಲ ಎರಡು ಇಡ್ಲಿ ಮಾತ್ರ. ಪ್ಯಾಸೇಜ್ ಮುಗಿದ ಹಾಗೆ ಗುಂಡಿ ತುಂಬಿದೆ. 107 ಬರೆದೆ, 89 ಸರಿ, 18 ತಪ್ಪು. 84.5.

ಅಪ್ಪಾಜಿ ಕಾಗದ ತಗೊಂಡು ತಪ್ಪಿನ ಲೆಕ್ಕವನ್ನು ತಾವೇ ಇನ್ನೊಮ್ಮೆ ಹಾಕಿದರು. ನಾಲ್ಕೂವರೆ ಸರಿಯಾಗಿದೆ ಅಂತ ಆದ ಮೇಲೆ ಕಾಗದ ವಾಪಸ್ ಕೊಟ್ಟರು.

ಇನ್ನೊಂದು ತಾಪತ್ರಯ. 10 ವರ್ಷದ ವ್ಯಾಸಂಗ ಪ್ರಮಾಣಪತ್ರ ಈಗಲೇ ಮಾಡಿಸಿಡೋಣ ಅಂತ ಊರಿನ ಶಾಲೆಗೆ ಹೋಗಿದ್ದೆ. ಹೆಡ್‌ಮಾಸ್ಟರ್ ಹಳೆ ರಿಜಿಸ್ಟರ್ ತೆಗೆದರು. ಅಲ್ಲಿ ನನ್ನ ಇನಿಷಿಯಲ್ ಒಂದೇ ಇದೆ, ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಎರಡು. ಪಿಯುಸಿ ಎಸ್‌ಎಸ್‌ಎಲ್‌ಸಿ ಥರಾನೇ ಇದೆ. ಇದಕ್ಕೆ ಏನು ಮಾಡಬೇಕು? ಅಡ್ಮಿಷನ್ ದಿನ ಹೆಸರೇ ನೋಡುತ್ತಾರೆ ಅಂತ ಮೇಲೆ ಬರೆದಿದ್ದೀರಲ್ಲ, ಅದನ್ನ ಓದಿ ನಿದ್ದೆ ಹೋಗಿದೆ.

ಕೋಟೆ_ಕಲ್ಲು

ನಿದ್ದೆ ಮಾಡು. ಎರಡೂ ಹೆಸರು ಒಬ್ಬಳದೇ ಅಂತ ಒಂದು ಅಫಿಡವಿಟ್, ನೋಟರಿ ಮುಂದೆ. ಎಸ್‌ಎಸ್‌ಎಲ್‌ಸಿ ಕಾರ್ಡಿನ ಹೆಸರನ್ನೇ ಮೂಲ ಅಂತ ಹಿಡಿ. ಕ್ಲಾಟ್ ಅರ್ಜಿಯಲ್ಲೂ ಅದೇ ಇರಲಿ. ಶಾಲೆಯ ಪ್ರಮಾಣಪತ್ರದಲ್ಲಿ ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನಾಂಕ ಬರೆಸಿಕೋ, ಅವು ಎರಡೂ ಕಡೆ ಒಂದೇ ಇದ್ದರೆ ಇನಿಷಿಯಲ್‌ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಚನ್ನಗಿರಿಯಲ್ಲೇ ಕೋರ್ಟ್ ಹತ್ತಿರ ಮಾಡಿಸಿಕೊಳ್ಳಬಹುದು. ಅರ್ಧ ಗಂಟೆಯ ಕೆಲಸ. ಬರೆದ ಕರಡನ್ನು ಇಲ್ಲಿ ಹೆಸರು ತೆಗೆದು ಹಾಕು, ನಾನು ನೋಡುತ್ತೇನೆ.

ಖಾರಮಂಡಕ್ಕಿ

ಸರ್, ಫೀಸು?

ಕೋಟೆ_ಕಲ್ಲು

ಬೆಟ್ಟೆ ಅಡಿಕೆ, ಕಾಲು ಕೇಜಿ. ಅವರಪ್ಪ ತೂಗಿದ್ದೇ ಆಗಬೇಕು.